ಚಾವಣಿ ಅರ್ಧಕ್ಕೆ ನಿಂತಾಗ

ಸಂಜೆ ತಂಪಿಗೆಂದು ಟಾಪ್ ತೆರೆದುಕೊಂಡು ದಾವಣಗೆರೆಯ ಕುಂದವಾಡ ಕೆರೆಯ ಕಡೆ ಹೋದ ಕಾರು. ವಾಪಸು ಬರುವಷ್ಟರಲ್ಲಿ ಮುಂಗಾರಿನ ಮೋಡ ಕಟ್ಟಿದೆ. ಗುಂಡಿ ಒತ್ತಿದರೆ ಟಾಪ್ ಅರ್ಧ ಎದ್ದು ಅಲ್ಲೇ ನಿಂತುಬಿಡುತ್ತದೆ. ಮುಂದಕ್ಕೂ ಬರದು, ಹಿಂದಕ್ಕೂ ಹೋಗದು. ಅಂಥ ಕಾರಿನ ಕೆಲಸ ಬಲ್ಲ ಕಂಪನಿ ವರ್ಕ್‌ಶಾಪ್ ಹುಡುಕಿದರೆ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರು. ಮಳೆಯೋ ತಲೆಯ ಮೇಲೆಯೇ ಇದೆ. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ತೋಚುವುದು, ನಾಲ್ಕು ಜನ ಸೇರಿ ಎಳೆದುಬಿಡೋಣ ಎಂದು. ಆ ನಾಲ್ಕು ಜನರನ್ನು ತಡೆಯುವುದೇ ಈ ಅಧ್ಯಾಯದ ಉದ್ದೇಶ.

ಗುಂಡಿಗೆ ಓಗೊಡುವ ಚಾವಣಿ ನಮ್ಮ ಕಡೆ ಎರಡು ಬಗೆಯದು. ಇಡೀ ಟಾಪ್ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುವ ಕನ್ವರ್ಟಿಬಲ್ ಕಾರು ದಾವಣಗೆರೆಯಲ್ಲಿ ಅಪರೂಪ. ಸನ್‌ರೂಫ್ ಹಾಗಲ್ಲ, ಹತ್ತು ಹನ್ನೆರಡು ಲಕ್ಷದ ಕಾರಿಗೂ ಅದು ಬಂದಿದೆ, ಪಿ.ಬಿ. ರಸ್ತೆಯಲ್ಲಿ ಮಕ್ಕಳು ಅದರಿಂದ ತಲೆ ಹೊರಹಾಕಿ ನಿಂತಿರುವುದನ್ನು ದಿನವೂ ನೋಡುತ್ತೇವೆ. (ಹಾಗೆ ನಿಲ್ಲಿಸಬೇಡಿ. ಡ್ರೈವರ್ ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ ಗಾಜಿನ ಚೌಕಟ್ಟಿನ ಅಂಚು ಮಗುವಿನ ಎದೆಗೆ ಬಡಿಯುತ್ತದೆ.) ಎರಡರ ಯಂತ್ರವೂ ಬೇರೆ ಬೇರೆ. ಆದರೆ ಕೈಕೊಟ್ಟಾಗ ಎರಡಕ್ಕೂ ಒಂದು ಮಾತು ಅನ್ವಯಿಸುತ್ತದೆ: ನಿಂತ ಚಾವಣಿಗಳಲ್ಲಿ ಬಹಳಷ್ಟು ಮುರಿದು ನಿಂತಿರುವುದಿಲ್ಲ, ಮುರಿಯಬಾರದೆಂದು ತಾವೇ ನಿಂತಿರುತ್ತವೆ. ಯಾವ ಕಾರಣಕ್ಕೆ ನಿಂತಿತು ಎಂದು ಗೊತ್ತಾದರೆ ಅರ್ಧ ರಿಪೇರಿ ಆದಂತೆ.

ದೊಡ್ಡದರಿಂದ ಶುರು ಮಾಡೋಣ. ಬಹುಪಾಲು ಕನ್ವರ್ಟಿಬಲ್ ಟಾಪ್‌ಗಳನ್ನು ಎತ್ತುವುದು ಎಣ್ಣೆಯ ಒತ್ತಡ, ಅಂದರೆ ಹೈಡ್ರಾಲಿಕ್. ದಾವಣಗೆರೆ, ಹರಿಹರದವರಿಗೆ ಇದು ಹೊಸದೇನಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಯಾರ್ಡಿಗೆ ಹೋದರೆ, ಟ್ರ್ಯಾಕ್ಟರಿನವನು ಕೂತಲ್ಲಿಂದಲೇ ಲಿವರ್ ಎಳೆಯುತ್ತಾನೆ, ಟ್ರೇಲರ್ ಮುಂದಿನಿಂದ ಮೇಲೇಳುತ್ತದೆ, ಹಿಂದಿನ ಡೋರ್ ತೆರೆದುಕೊಂಡು ಕಾಳು ಧೋ ಎಂದು ಸುರಿಯುತ್ತದೆ. ಅಡಿಯಲ್ಲಿ ಎಣ್ಣೆಯ ಹೊಳಪಿನ ಉಕ್ಕಿನ ಕಂಬವೊಂದು ನಿಧಾನವಾಗಿ ಹೊರಗೆ ಬರುವುದು ಕಾಣುತ್ತದೆ. ಅದೇ ಜಾಕ್.

ಮುಚ್ಚಿದ ಪಾತ್ರೆಯಲ್ಲಿರುವ ದ್ರವಕ್ಕೆ ಒಂದು ಕಡೆ ಒತ್ತಡ ಕೊಟ್ಟರೆ ಅದು ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಇದನ್ನು ವಿವರಿಸಿ ಬರೆದ ಗ್ರಂಥ ಅಚ್ಚಾದದ್ದು 1663ರಲ್ಲಿ, ಅವನು ತೀರಿಕೊಂಡ ಮರುವರ್ಷ. ಇದರಿಂದ ಬರುವ ಲಾಭ ಏನು ಎಂಬುದಕ್ಕೆ ಒಂದು ಲೆಕ್ಕ ಸಾಕು. ಪಂಪು ಪ್ರತಿ ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಟ್ರೇಲರ್ ಜಾಕಿನ ಒಳವ್ಯಾಸ 10 ಸೆಂ.ಮೀ. ಆದರೆ ಅದರ ವಿಸ್ತೀರ್ಣ 78.5 ಚದರ ಸೆಂ.ಮೀ., ಎತ್ತುವ ಬಲ ಹನ್ನೊಂದು ಮುಕ್ಕಾಲು ಟನ್. ಅದೇ ಒತ್ತಡವನ್ನು ಕಾರಿನ ಟಾಪಿನ ಸಿಲಿಂಡರಿಗೆ ಕೊಡಿ. ಒಳವ್ಯಾಸ 2 ಸೆಂ.ಮೀ., ವಿಸ್ತೀರ್ಣ 3.14. ಬಲ 470 ಕೆ.ಜಿ. ಹೆಬ್ಬೆರಳು ಗಾತ್ರದ ಕೊಳವೆ ಸುಮಾರು ಐದು ಕ್ವಿಂಟಲ್ ಭತ್ತ ಎತ್ತುವಷ್ಟು ಬಲ ಹಾಕುತ್ತದೆ. ಈ 470 ಎಂಬ ಅಂಕಿಯನ್ನು ನೆನಪಿಡಿ. ಬೆರಳುಗಳ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಟ್ರೇಲರಿಗೂ ಟಾಪಿಗೂ ಒಂದು ವ್ಯತ್ಯಾಸವಿದೆ. ಟ್ರೇಲರ್ ಏಳಲು ಎಣ್ಣೆ ಬೇಕು, ಇಳಿಯಲು ಅದರ ಭಾರವೇ ಸಾಕು. ಟಾಪನ್ನು ತೆರೆಯುವಾಗಲೂ ಮುಚ್ಚುವಾಗಲೂ ಎಣ್ಣೆಯೇ ತಳ್ಳಬೇಕು. ಹಾಗಾಗಿ ಪ್ರತಿ ಸಿಲಿಂಡರಿಗೂ ಎರಡೆರಡು ಪೈಪು. ಡಿಕ್ಕಿಯ ಮೂಲೆಯಲ್ಲೋ ಹಿಂದಿನ ಸೀಟಿನ ಬೆನ್ನಿಗೋ ಒಂದು ಪುಟ್ಟ ಎಲೆಕ್ಟ್ರಿಕ್ ಮೋಟರು, ಅದಕ್ಕೆ ಅಂಟಿಕೊಂಡ ಪಂಪು, ಪಾರದರ್ಶಕ ಎಣ್ಣೆ ಡಬ್ಬಿ ಇರುತ್ತದೆ. ಮೋಟರು ಒಂದು ಕಡೆ ತಿರುಗಿದರೆ ಟಾಪ್ ತೆರೆಯುತ್ತದೆ, ಉಲ್ಟಾ ತಿರುಗಿದರೆ ಮುಚ್ಚುತ್ತದೆ.

ಇಷ್ಟೇ ಆಗಿದ್ದರೆ ಟ್ರೇಲರ್ ಮಾಡುವವರೆಲ್ಲ ಕನ್ವರ್ಟಿಬಲ್ ಮಾಡಬಹುದಿತ್ತು. ಕಷ್ಟ ಇರುವುದು ಸರದಿಯಲ್ಲಿ. ಮೊದಲು ಕಿಟಕಿ ಗಾಜುಗಳು ತುಸು ಇಳಿಯಬೇಕು. ಮುಂದಿನ ಗಾಜಿನ ಮೇಲಂಚನ್ನು ಹಿಡಿದಿರುವ ಕೊಂಡಿ ಬಿಡಬೇಕು. ಡಿಕ್ಕಿ ಮುಚ್ಚಳ ಏಳಬೇಕು, ಟಾಪ್ ಮಡಚಿಕೊಂಡು ಒಳಗೆ ಕೂರಬೇಕು, ಮುಚ್ಚಳ ಮತ್ತೆ ಇಳಿಯಬೇಕು. ಒಂದರ ಸರದಿ ತಪ್ಪಿದರೆ ಗಾಜು, ತಗಡು, ಬಟ್ಟೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಈ ತಲೆನೋವನ್ನು ಮೊದಲಿಗೆ ಬಗೆಹರಿಸಿದವರಲ್ಲಿ ಒಬ್ಬ ಫ್ರಾನ್ಸಿನ ಜಾರ್ಜ್ ಪೋಲಾಂ. ವೃತ್ತಿಯಿಂದ ದಂತವೈದ್ಯ. ಗಟ್ಟಿ ಲೋಹದ ಚಾವಣಿಯೇ ಹಿಂದಕ್ಕೆ ಸರಿದು ಡಿಕ್ಕಿಯಲ್ಲಿ ಕೂರುವ ಅವನ ವಿನ್ಯಾಸವನ್ನು ಪ್ಯೂಜೊ ಕಂಪನಿ 1930ರ ದಶಕದಲ್ಲಿ ತನ್ನ ಕಾರುಗಳಿಗೆ ಅಳವಡಿಸಿತು. ನಾಜಿಗಳ ವಿರುದ್ಧ ಗುಪ್ತವಾಗಿ ಹೋರಾಡಿದ ಪೋಲಾಂನನ್ನು ಜರ್ಮನ್ನರು 1942ರಲ್ಲಿ ಗುಂಡಿಟ್ಟು ಕೊಂದರು. ಅವನು ಬಿಟ್ಟುಹೋದ ಯೋಚನೆ ಇವತ್ತಿಗೂ ಕಾರುಗಳಲ್ಲಿ ಮಡಚಿಕೊಳ್ಳುತ್ತಿದೆ. ಅಮೆರಿಕದ ಫೋರ್ಡ್ ಕಂಪನಿ 1957ರಲ್ಲಿ ತಂದ ಸ್ಕೈಲೈನರ್ ಕಾರಿನ ಚಾವಣಿಯಲ್ಲಿ 7 ಮೋಟರುಗಳೂ 10 ಲಿಮಿಟ್ ಸ್ವಿಚ್ಚುಗಳೂ ಇದ್ದವು, ಕಂಪ್ಯೂಟರ್ ಮಾತ್ರ ಇರಲಿಲ್ಲ. ಒಂದು ಭಾಗ ತನ್ನ ಜಾಗಕ್ಕೆ ಬಂದು ಸ್ವಿಚ್ಚನ್ನು ಒತ್ತಿದರೆ ಮಾತ್ರ ಮುಂದಿನ ಮೋಟರಿಗೆ ಕರೆಂಟು.

ಇವತ್ತಿನ ಕಾರಿನಲ್ಲಿ ಆ ಸರದಿಯನ್ನು ಕಾಯುವುದು ಒಂದು ಪುಟ್ಟ ಕಂಟ್ರೋಲ್ ಪೆಟ್ಟಿಗೆ. ಅದಕ್ಕೆ ಕಣ್ಣಿಲ್ಲ. ಕೊಂಡಿ ಬಿಟ್ಟಿತೇ, ಮುಚ್ಚಳ ಎದ್ದಿತೇ ಎಂದು ತಿಳಿಯಲು ಅದು ನಂಬಿರುವುದು ಅಲ್ಲಲ್ಲಿ ಕೂರಿಸಿರುವ ಸೆನ್ಸರುಗಳನ್ನು. ಕೆಲವು ಒತ್ತಿದರೆ ಟಿಕ್ ಎನ್ನುವ ಮೈಕ್ರೋಸ್ವಿಚ್ಚುಗಳು. ಕೆಲವು ಹತ್ತಿರ ಬಂದ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರುಗಳು. ವಿಜ್ಞಾನಿ ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ವಿದ್ಯಮಾನವೇ ಇದರ ಬುಡ: ಕರೆಂಟು ಹರಿಯುವ ತಗಡಿಗೆ ಅಡ್ಡಲಾಗಿ ಆಯಸ್ಕಾಂತ ಹಿಡಿದರೆ ತಗಡಿನ ಎರಡು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಒಂದೇ ಒಂದು ಸೆನ್ಸರು "ಆಯಿತು" ಎಂದು ಹೇಳದಿದ್ದರೂ ಪೆಟ್ಟಿಗೆ ಅಲ್ಲಿಗೇ ಎಲ್ಲವನ್ನೂ ನಿಲ್ಲಿಸುತ್ತದೆ. ನಾವು ಅದನ್ನು ಕೆಟ್ಟಿತು ಎನ್ನುತ್ತೇವೆ.

ಆದ್ದರಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಚಾವಣಿ ಹಾಕಿರುವ ಷರತ್ತುಗಳನ್ನು ನೋಡಬೇಕು. ಬಹಳ ಕನ್ವರ್ಟಿಬಲ್‌ಗಳ ಡಿಕ್ಕಿಯಲ್ಲಿ ಎಳೆದು ಸಿಕ್ಕಿಸುವ ಒಂದು ಪರದೆಯೋ ಹಲಗೆಯೋ ಇರುತ್ತದೆ. ಟಾಪ್ ಬಂದು ಕೂರುವ ಜಾಗವನ್ನೂ ಸಾಮಾನಿನ ಜಾಗವನ್ನೂ ಬೇರೆ ಮಾಡುವುದು ಅದು. ಅದರ ತುದಿ ಎರಡೂ ಕಡೆಯ ಕಚ್ಚುಗಳಲ್ಲಿ ಸರಿಯಾಗಿ ಕೂತು ಅಲ್ಲಿನ ಸ್ವಿಚ್ಚನ್ನು ಒತ್ತದಿದ್ದರೆ ಟಾಪ್ ಅಲುಗುವುದೇ ಇಲ್ಲ. ಹರಿಹರದ ಸಂತೆಯಿಂದ ತಂದ ಒಂದು ತರಕಾರಿ ಚೀಲ ಅದನ್ನು ಅರ್ಧ ಇಂಚು ಎತ್ತಿದ್ದರೂ ಸಾಕು. ಡಿಕ್ಕಿ ಪೂರ್ತಿ ಮುಚ್ಚಿರಬೇಕು. ಕಾರು ನಿಂತಿರಬೇಕು, ಅಥವಾ ಕಂಪನಿ ಹೇಳಿದ ವೇಗಕ್ಕಿಂತ ನಿಧಾನವಾಗಿ ಹೋಗುತ್ತಿರಬೇಕು. ಎತ್ತರ ತಗ್ಗಿನಲ್ಲಿ ನಿಂತ ಕಾರಿನ ಬಾಡಿ ಕೂದಲೆಳೆಯಷ್ಟು ತಿರುಚಿಕೊಂಡರೂ ಕೊಂಡಿ ತನ್ನ ತೂತಿಗೆ ಸೇರದು. ಸಮತಟ್ಟಾದ ಜಾಗಕ್ಕೆ ತಂದು ಮತ್ತೊಮ್ಮೆ ಒತ್ತಿ ನೋಡಬೇಕು.

ಇವೆಲ್ಲ ಸರಿಯಿದ್ದರೆ ಮುಂದಿನ ಅನುಮಾನ ಬ್ಯಾಟರಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೋಸ ಹೋಗುವುದು ಇಲ್ಲಿಯೇ ಹೆಚ್ಚು.

ನೂರಿನ್ನೂರು ರೂಪಾಯಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದರೆ 12.6 ವೋಲ್ಟ್ ತೋರಿಸುತ್ತದೆ. ಬ್ಯಾಟರಿ ತುಂಬಿದೆ ಎಂದು ಸಮಾಧಾನವಾಗುತ್ತದೆ. ಆದರೆ ಅದು ಸುಮ್ಮನಿರುವ ಬ್ಯಾಟರಿಯ ಮಾತು. ಟಾಪಿನ ಮೋಟರು ಕೆಲಸಕ್ಕಿಳಿದರೆ 30 ಆಂಪಿಯರ್ ಎಳೆಯಬಹುದು. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿಕೊಂಡು ಅಲ್ಲಿ ಒಂದು ಓಮಿನ ಹತ್ತನೇ ಒಂದು ಪಾಲು ತಡೆ ಹುಟ್ಟಿದೆ ಎಂದುಕೊಳ್ಳಿ. ಓಮ್ ನಿಯಮದ ಪ್ರಕಾರ 30ನ್ನು 0.1ರಿಂದ ಗುಣಿಸಿದರೆ 3. ಅಂದರೆ 3 ವೋಲ್ಟ್ ಆ ಪುಡಿಯಲ್ಲೇ ಕರಗಿಹೋಯಿತು, ಮೋಟರಿಗೆ ಸಿಕ್ಕಿದ್ದು ಒಂಬತ್ತೂವರೆ ಚಿಲ್ಲರೆ. ವೋಲ್ಟೇಜ್ ಇಷ್ಟು ಕುಸಿದರೆ ಕಂಟ್ರೋಲ್ ಪೆಟ್ಟಿಗೆ ಕೆಲಸ ಮುಂದುವರಿಸದು. ನಡುದಾರಿಯಲ್ಲಿ ಶಕ್ತಿ ಸಾಲದೆ ಟಾಪ್ ಕೈಬಿಡುವುದಕ್ಕಿಂತ ನಿಂತುಬಿಡುವುದು ವಾಸಿ ಎಂದು ಅದಕ್ಕೆ ಕಲಿಸಿರುತ್ತಾರೆ. ದೀಪ ಉರಿಯುತ್ತದೆ, ಹಾರನ್ ಆಗುತ್ತದೆ, ರೇಡಿಯೋ ಹಾಡುತ್ತದೆ. ಅವಕ್ಕೆ ಬೇಕಾದ ಕರೆಂಟು ಕಡಿಮೆ, ಹಾಗಾಗಿ ಅಲ್ಲಿ ತಡೆ ಕಾಣಿಸಿಕೊಳ್ಳುವುದಿಲ್ಲ. ಮೀಟರನ್ನು ನೋಡಬೇಕಾದದ್ದು ಇನ್ನೊಬ್ಬರು ಗುಂಡಿ ಒತ್ತಿ ಹಿಡಿದಿರುವಾಗ, ಅದೂ ಟರ್ಮಿನಲ್ ಕ್ಲಾಂಪಿನ ಮೇಲೊಮ್ಮೆ, ಅದರ ನಡುವಿನ ಸೀಸದ ಕಂಬದ ಮೇಲೊಮ್ಮೆ. ಎರಡು ಅಂಕಿಗಳಿಗೂ ವ್ಯತ್ಯಾಸ ಬಂದರೆ ಕಳ್ಳ ಸಿಕ್ಕಿದ.

ಇದಕ್ಕೆ ಮದ್ದು ಅಡುಗೆ ಮನೆಯಲ್ಲೇ ಇದೆ. ಕಾರು ಆಫ್ ಮಾಡಿ, ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಹಾಕಿ ಹಳೆಯ ಬ್ರಶ್ಶಿನಿಂದ ಉಜ್ಜಿದರೆ ನೊರೆ ಎದ್ದು ಪುಡಿ ಬಿಟ್ಟುಕೊಳ್ಳುತ್ತದೆ. ಆಸಿಡ್ ಸೋಡಾದೊಂದಿಗೆ ಸೇರಿ ತಟಸ್ಥವಾಗುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡೇ ಆ ನೊರೆ. ಒರೆಸಿ, ಒಣಗಿಸಿ, ಬಿಗಿದು, ಮೇಲೆ ತುಸು ವ್ಯಾಸಲೀನ್ ಸವರಿದರೆ ಮುಗಿಯಿತು. ಟಾಪನ್ನು ಯಾವಾಗಲೂ ಇಂಜಿನ್ ಚಾಲೂ ಇಟ್ಟುಕೊಂಡೇ ತೆರೆದು ಮುಚ್ಚುವುದು ಒಳ್ಳೆಯದು. ಆಗ ಆಲ್ಟರ್ನೇಟರ್ 14 ವೋಲ್ಟಿನ ಆಸುಪಾಸು ಕೊಡುತ್ತಿರುತ್ತದೆ.

ಬ್ಯಾಟರಿಯೂ ಸರಿಯಿದ್ದರೆ ಕಿವಿಗೊಡಬೇಕು. ಗುಂಡಿ ಒತ್ತಿದಾಗ ಏನೂ ಸದ್ದಿಲ್ಲದಿದ್ದರೆ ಫ್ಯೂಸೋ, ಗುಂಡಿಯೋ, ಈಡೇರದ ಷರತ್ತೋ. ಬರೀ ಟಿಕ್ ಎಂದರೆ ರಿಲೇ ಕೆಲಸ ಮಾಡಿತು, ಕರೆಂಟು ಮೋಟರಿಗೆ ಮುಟ್ಟಲಿಲ್ಲ. ಮೋಟರು ಗುಂಯ್ ಎಂದು ತಿರುಗುತ್ತಿದ್ದೂ ಟಾಪ್ ಅಲುಗದಿದ್ದರೆ ಎಣ್ಣೆಯ ಡಬ್ಬಿ ನೋಡಬೇಕು. ಟಾಪ್ ಯಾವ ಸ್ಥಿತಿಯಲ್ಲಿದ್ದಾಗ ಎಣ್ಣೆಯ ಮಟ್ಟ ನೋಡಬೇಕೆಂದು ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ, ಏಕೆಂದರೆ ರಾಡುಗಳು ಒಳಗಿದ್ದಾಗ ಒಂದು ಮಟ್ಟ, ಹೊರಗಿದ್ದಾಗ ಒಂದು ಮಟ್ಟ. ಕಡಿಮೆಯಾಗಿದೆ ಎಂದು ಕೈಗೆ ಸಿಕ್ಕಿದ ಬ್ರೇಕ್ ಆಯಿಲ್ ಸುರಿಯಬಾರದು. ಖನಿಜ ಎಣ್ಣೆಗೆಂದು ಮಾಡಿದ ರಬ್ಬರ್ ಸೀಲುಗಳು ಬ್ರೇಕ್ ಆಯಿಲ್ ತಾಗಿದರೆ ಹಾಳಾಗುತ್ತವೆ. ಒಂದು ಸೋರಿಕೆ ನಿಲ್ಲಿಸಲು ಹೋಗಿ ಹತ್ತು ಸೋರಿಕೆ ತಂದುಕೊಂಡಂತಾಗುತ್ತದೆ.

ಮಳೆ ಬಂದೇಬಿಟ್ಟಿತು, ಕಾರಣ ಹುಡುಕಲು ಹೊತ್ತಿಲ್ಲ ಎಂದಾದರೆ ಕೈಯಿಂದಲೇ ಮುಚ್ಚಲು ಕಂಪನಿಯವರು ದಾರಿ ಇಟ್ಟಿರುತ್ತಾರೆ. ಟಾಪ್ ಎಳೆದರೂ ಬರದಿರುವುದು ಸಿಲಿಂಡರಿನಲ್ಲಿ ಎಣ್ಣೆ ಸಿಕ್ಕಿಹಾಕಿಕೊಂಡಿರುವುದರಿಂದ. ದ್ರವವನ್ನು ಕುಗ್ಗಿಸಲಾಗದು, ನಾಲ್ಕು ಜನ ಎಳೆದರೆ ಬಗ್ಗುವುದು ಟಾಪಿನ ಕಬ್ಬಿಣದ ಕೈಗಳೇ. ಹಲವು ಕಾರುಗಳ ಪಂಪಿನ ಮೇಲೆ ಒಂದು ಬೈಪಾಸ್ ಸ್ಕ್ರೂ ಇದೆ. ಪುಸ್ತಕ ಹೇಳಿದಷ್ಟು ತಿರುವು ಎಲನ್ ಕೀಯಿಂದ ಸಡಿಲಿಸಿದರೆ ಸಿಲಿಂಡರಿನ ಎರಡು ಬದಿಗಳ ನಡುವೆ ಎಣ್ಣೆ ಓಡಾಡಲು ದಾರಿಯಾಗುತ್ತದೆ, ಟಾಪ್ ಕೈಗೆ ಬರುತ್ತದೆ. ಕಾರು ಆಫ್ ಆಗಿರಲಿ. ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು ಒಟ್ಟಿಗೇ ಎತ್ತಬೇಕು. ಒಂದೇ ಕಡೆಯಿಂದ ಎಳೆದರೆ ಚೌಕಟ್ಟು ತಿರುಚಿಕೊಳ್ಳುತ್ತದೆ.

ಈಗ ಆ 470 ಕೆ.ಜಿ.ಯ ಮಾತು. ಟಾಪಿನ ಕೀಲುಗಳು ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಸ್ಕ್ರೂ ಸಡಿಲಿಸಿದ ಗಳಿಗೆಯಲ್ಲಿ ಅರ್ಧ ಎದ್ದ ಟಾಪ್ ತನ್ನ ಭಾರಕ್ಕೆ ತಾನೇ ಧಡಕ್ಕನೆ ಬೀಳಬಹುದು. ಸೆನ್ಸರೊಂದಕ್ಕೆ ಕೈ ತಾಗಿ ಪಂಪು ಚಾಲೂ ಆದರೆ ಸಿಲಿಂಡರಿಗೆ ಕಬ್ಬಿಣವೂ ಒಂದೇ ಬೆರಳೂ ಒಂದೇ. ಆದ್ದರಿಂದ ಟಾಪಿನ ಕೆಳಗೆ ಗಟ್ಟಿ ಮರದ ಆನಿಕೆ ಕೊಡದೆ, ಫ್ಯೂಸ್ ಕೀಳದೆ ಯಾರೂ ಕೈ ಹಾಕಬಾರದು. ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಪೈಪಿನಲ್ಲಿ ಸೂಜಿಮೊನೆಯ ತೂತಿದ್ದರೆ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೊಳ್ಳೆ ಕಡಿದಷ್ಟು ಗಾಯ, ಒಳಗೆ ಗಂಟೆಗಳಲ್ಲಿ ಮಾಂಸ ಕೊಳೆಯತೊಡಗುತ್ತದೆ. ಟ್ರ್ಯಾಕ್ಟರು, ಜೆಸಿಬಿ ಕೆಲಸ ಮಾಡುವವರಿಗೂ ಇದೇ ಎಚ್ಚರಿಕೆ. ಸೋರಿಕೆಯನ್ನು ಕೈಯಾಡಿಸಿ ಹುಡುಕಬಾರದು. ರಟ್ಟಿನ ತುಂಡು ಹಿಡಿದು ನೋಡಬೇಕು. ಎಣ್ಣೆ ಚುಚ್ಚಿತೆಂಬ ಅನುಮಾನ ಬಂದರೂ ನೋವಿಗೆ ಕಾಯದೆ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು.

ಸೋರುತ್ತಿರುವುದು ಸಿಲಿಂಡರಿನ ಸೀಲ್ ಎಂದಾದರೆ ಕೆಲಸ ಮನೆಯಿಂದ ಹರಿಹರಕ್ಕೆ ಹೋಗುತ್ತದೆ. ಈ ಸೀಲಿನ ಹಿಂದೆ ಸ್ವಾರಸ್ಯವಾದ ಚರಿತ್ರೆಯಿದೆ. ಪಾಸ್ಕಲನ ತತ್ವವನ್ನು ಕೆಲಸಕ್ಕೆ ಹಚ್ಚಿ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ, ಬೀಗ ಮಾಡುವುದರಲ್ಲಿ ಹೆಸರಾದವನು. ಅವನಿಗೆ ಎದುರಾದ ತೊಡಕೂ ಸೋರಿಕೆಯೇ. ಸೀಲನ್ನು ಬಿಗಿ ಮಾಡಿದರೆ ರಾಡ್ ಸಿಕ್ಕಿಕೊಳ್ಳುತ್ತದೆ, ಸಡಿಲ ಬಿಟ್ಟರೆ ನೀರು ಸೋರುತ್ತದೆ. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೇ ಬಟ್ಟಲಿನಂತೆ ಅಂಚು ಬಾಗಿದ ಚರ್ಮದ ಸೀಲ್ ಹಾಕಿ ಇದನ್ನು ಬಗೆಹರಿಸಿದ ಎನ್ನುತ್ತಾರೆ. ಒತ್ತಡ ಏರಿದಷ್ಟೂ ಆ ಅಂಚು ಅಗಲಿಸಿಕೊಂಡು ಗೋಡೆಗೆ ಇನ್ನಷ್ಟು ಒತ್ತಿ ಕೂರುತ್ತದೆ, ಒತ್ತಡ ಇಳಿದಾಗ ಸಡಿಲವಾಗಿ ರಾಡನ್ನು ಬಿಡುತ್ತದೆ. ಇವತ್ತು ಚರ್ಮದ ಬದಲು ರಬ್ಬರು, ಪಾಲಿಯುರೆಥೇನು ಬಂದಿವೆ. ಟ್ರೇಲರ್ ಜಾಕಿನಲ್ಲೂ ಕನ್ವರ್ಟಿಬಲ್ ಟಾಪಿನಲ್ಲೂ ಇರುವ ಸೀಲಿನ ಆಕಾರ ಮಾತ್ರ ಅದೇ. ಇದೇ ಮಾಡ್ಸ್ಲೇ ಮುಂದೆ ಕರಾರುವಾಕ್ಕಾಗಿ ಸ್ಕ್ರೂವಿನ ಮರೆ ಕೊರೆಯುವ ಲೇತ್ ಕಟ್ಟಿ ಯಂತ್ರಯುಗಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನಾದ.

ಹರಿಹರಕ್ಕೂ ಲೇತಿಗೂ ಇರುವ ನಂಟು ಗೊತ್ತೇ ಇದೆ. ತುಂಗಭದ್ರೆಯ ದಂಡೆಯ ಈ ಊರಿನಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನೇ ಮಾಡಿ ದೇಶದ ಉದ್ದಗಲಕ್ಕೂ ಕಳಿಸಿತು. ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಆದವು. ಆದರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲನ್ನು ಮೈಕ್ರೋಮೀಟರಿನಲ್ಲಿ ಓದಿ ಕೆಲಸ ಮಾಡುವ ಕೈಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಸಿಲಿಂಡರ್ ಕೆಲಸಕ್ಕೆ ಬೇಕಾದದ್ದು ಅದೇ ಜ್ಞಾನ. ರಾಡಿನ ಕ್ರೋಮ್ ಮೇಲೆ ತುಕ್ಕಿನ ಒಂದು ಚುಕ್ಕೆಯಿದ್ದರೆ, ಉಗುರಿಗೆ ತಾಗುವಷ್ಟು ಗೀರಿದ್ದರೆ, ಅದು ಪ್ರತಿ ಸಲ ಒಳಹೊರಗೆ ಓಡಾಡುವಾಗ ಸೀಲಿನ ತುಟಿಯನ್ನು ಕೊಯ್ಯುತ್ತದೆ. ರಾಡನ್ನು ಹಾಗೇ ಬಿಟ್ಟು ಹೊಸ ಸೀಲ್ ಹಾಕಿದರೆ ಅದೂ ಬೇಗ ಹೋಗುತ್ತದೆ. ಇಡೀ ಸಿಲಿಂಡರನ್ನು ಹೊರದೇಶದಿಂದ ತರಿಸುವ ಮುಂಚೆ, ಟ್ರೇಲರ್ ಜಾಕ್ ರಿಪೇರಿಯಲ್ಲಿ ಪಳಗಿದ ಒಬ್ಬ ಮೇಸ್ತ್ರಿಗೆ ಅದನ್ನು ತೋರಿಸಿ ಎನ್ನುವುದು ನನ್ನ ಖಚಿತ ಸಲಹೆ. ಗಾತ್ರ ಚಿಕ್ಕದು, ಅಳತೆ ನಾಜೂಕು, ವಿದ್ಯೆ ಒಂದೇ. ಕೆಲವು ಸಿಲಿಂಡರುಗಳ ಬಾಯಂಚನ್ನು ಮಡಚಿ ಕಾಯಂ ಮುಚ್ಚಿರುತ್ತಾರೆ. ಅವನ್ನು ಲೇತಿಗೆ ಕಟ್ಟಿ ಅಂಚು ಕತ್ತರಿಸಿಯೇ ತೆರೆಯಬೇಕು, ಅದು ಎಲ್ಲರ ಕೆಲಸವಲ್ಲ.

ಇನ್ನು ಸನ್‌ರೂಫ್. ಇದರಲ್ಲಿ ಸಾಮಾನ್ಯವಾಗಿ ಎಣ್ಣೆಯ ಒತ್ತಡದ ಮಾತೇ ಇಲ್ಲ. ಚಾವಣಿಯೊಳಗೆ ಅಂಗೈಯಷ್ಟು ಮೋಟರು, ಅದರ ತುದಿಯಲ್ಲಿ ವರ್ಮ್ ಗೇರು, ಗೇರಿನ ಹಲ್ಲಿಗೆ ಸಿಕ್ಕಿಕೊಂಡ ಎರಡು ಗಟ್ಟಿ ಕೇಬಲ್ಲುಗಳು. ಕೇಬಲ್ಲಿನ ಮೈಮೇಲೆ ಸುರುಳಿ ತಂತಿ ಸುತ್ತಿರುವುದರಿಂದ ಅದಕ್ಕೂ ಹಲ್ಲು ಬಂದಿರುತ್ತದೆ. ಎಳೆಯುವುದಕ್ಕೂ ಆಗುತ್ತದೆ, ತಳ್ಳುವುದಕ್ಕೂ ಆಗುತ್ತದೆ. ಗಾಜು ಅವುಗಳ ಜೊತೆ ಎರಡು ಕಡೆಯ ರೈಲಿನಲ್ಲಿ ಜಾರುತ್ತದೆ. ನಿಂತ ಗಾಜನ್ನು ಕೈಯಿಂದ ತಳ್ಳಿದರೆ ಅಲುಗದು, ಏಕೆಂದರೆ ವರ್ಮ್ ಗೇರಿನಲ್ಲಿ ಬಲ ಒಂದೇ ದಿಕ್ಕಿಗೆ ಹರಿಯುತ್ತದೆ: ಸ್ಕ್ರೂ ತಿರುಗಿದರೆ ಚಕ್ರ ತಿರುಗುತ್ತದೆ, ಚಕ್ರ ತಳ್ಳಿದರೆ ಸ್ಕ್ರೂ ತಿರುಗದು. ಭದ್ರಾ ಕಾಲುವೆಯ ತೂಬಿನ ಗೇಟಿಗಿರುವ ಮರೆಯ ರಾಡೂ ಹೀಗೇ ವರ್ತಿಸುತ್ತದೆ. ಹಿಡಿ ತಿರುಗಿಸಿದರೆ ಗೇಟು ಏಳುತ್ತದೆ, ಬಿಟ್ಟರೆ ತನ್ನ ಭಾರಕ್ಕೆ ಇಳಿಯುವುದಿಲ್ಲ. ಹಲವು ಕಾರುಗಳಲ್ಲಿ ಒಳಚಾವಣಿಯ ಮುಂದಿನ ಲೈಟಿನ ಕವರ್ ಬಿಚ್ಚಿದರೆ ಮೋಟರಿನ ತುದಿಗೆ ಎಲನ್ ಕೀ ಕೂರುವ ತೂತು ಕಾಣುತ್ತದೆ. ಅದನ್ನು ತಿರುಗಿಸಿ ಗಾಜು ಮುಚ್ಚಬಹುದು.

ದಾವಣಗೆರೆಯ ಸನ್‌ರೂಫಿಗೆ ದೊಡ್ಡ ಶತ್ರು ಧೂಳು. ಸುಗ್ಗಿಯಲ್ಲಿ ಮೆಕ್ಕೆಜೋಳದ ಹೊಟ್ಟು, ಮಂಡಕ್ಕಿ ಭಟ್ಟಿಗಳ ಸುತ್ತ ಹಾರುವ ಬೂದಿ, ರಸ್ತೆ ಕೆಲಸದ ಮಣ್ಣು ರೈಲಿನ ಗ್ರೀಸಿಗೆ ಅಂಟಿ ಮಡ್ಡಿಗಟ್ಟುತ್ತವೆ. ಸನ್‌ರೂಫಿನಲ್ಲಿ ಯಾರದಾದರೂ ಕೈ ಸಿಕ್ಕಿಕೊಂಡರೆ ಗಾಜು ತಾನೇ ಹಿಂದೆ ಸರಿಯಬೇಕೆಂಬ ಸುರಕ್ಷತಾ ನಿಯಮ ಹಲವು ದೇಶಗಳಲ್ಲಿದೆ. ಅದರ ಮಿತಿ 100 ನ್ಯೂಟನ್, ಸರಿಸುಮಾರು 10 ಕೆ.ಜಿ. ಭಾರದಷ್ಟು. ಮೋಟರಿನ ಹಾಲ್ ಸೆನ್ಸರು ಪ್ರತಿ ಸುತ್ತನ್ನೂ ಎಣಿಸುತ್ತಿರುತ್ತದೆ, ವೇಗ ತಟ್ಟನೆ ಕುಗ್ಗಿದರೆ ಕೈ ಸಿಕ್ಕಿತೆಂದು ತಿಳಿದು ಗಾಜನ್ನು ಹಿಂದಕ್ಕೆ ಒಯ್ಯುತ್ತದೆ. ಮಡ್ಡಿಗಟ್ಟಿದ ರೈಲಿನಲ್ಲೂ ವೇಗ ಕುಗ್ಗುತ್ತದೆ. ಮುಚ್ಚಲು ಹೋದ ಗಾಜು ಮತ್ತೆ ಮತ್ತೆ ತೆರೆದುಕೊಳ್ಳುತ್ತಿದ್ದರೆ ಅರ್ಥ ಇಷ್ಟೇ: ಅದು ಧೂಳನ್ನು ಮಗುವಿನ ಕೈ ಎಂದುಕೊಂಡಿದೆ. ಆ ತಪ್ಪು ತಿಳಿವಳಿಕೆಯನ್ನು ನಾನು ದೋಷ ಎನ್ನಲಾರೆ.

ಗಾಜನ್ನು ತೆರೆದಷ್ಟು ತೆರೆದು, ಒದ್ದೆ ಬಟ್ಟೆಯಿಂದ ರೈಲಿನ ಹಳೆಯ ಗ್ರೀಸನ್ನೆಲ್ಲ ಒರೆಸಿ ತೆಗೆಯಬೇಕು, ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಶ್. ಇಂಜಿನ್ ಆಯಿಲ್ ಬೇಡ, ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಕಂಪನಿ ಹೇಳಿದ ಗ್ರೀಸು ತೆಳ್ಳಗೆ ಸವರಿ, ರಬ್ಬರ್ ಬೀಡಿಂಗಿಗೆ ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಬ್ಯಾಟರಿ ಬಿಚ್ಚಿ ಹಾಕಿದ ಮೇಲೂ, ಎಲನ್ ಕೀಯಿಂದ ತಿರುಗಿಸಿದ ಮೇಲೂ ಪೆಟ್ಟಿಗೆಗೆ ಗಾಜು ಎಲ್ಲಿದೆ ಎಂಬ ಲೆಕ್ಕ ತಪ್ಪಿಹೋಗಿರಬಹುದು. ಮುಚ್ಚುವ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಗಾಜು ಒಮ್ಮೆ ಹೋಗಿ ಬಂದು ಲೆಕ್ಕ ಮತ್ತೆ ಶುರುಮಾಡುತ್ತದೆ. ಹಿಡಿಯುವ ಕ್ರಮ ಕಾರಿನಿಂದ ಕಾರಿಗೆ ಬೇರೆ, ಪುಸ್ತಕ ನೋಡಿ.

ರೈಲು ತೊಳೆದ ದಿನವೇ ಇನ್ನೊಂದು ಕೆಲಸ. ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕೆಂದು ಮಾಡಿದ್ದೂ ಅಲ್ಲ. ಒಳಗಿಳಿದ ನೀರು ಚೌಕಟ್ಟಿನ ಸುತ್ತಲ ಕಾಲುವೆಗೆ ಬಂದು, ಮೂಲೆಗಳ ಸಣ್ಣ ಪೈಪುಗಳಲ್ಲಿ ಇಳಿದು, ಕಾರಿನ ಅಡಿಯಿಂದ ಹೊರಹೋಗಬೇಕು. ಮುಂಗಾರಿಗೆ ಮುಂಚೆ ಒಂದೊಂದು ಮೂಲೆಗೂ ಅರ್ಧ ಲೋಟ ನೀರು ನಿಧಾನವಾಗಿ ಹಾಕಿ. ಮುಂದಿನ ಮೂಲೆಯ ನೀರು ಸಾಮಾನ್ಯವಾಗಿ ಮುಂಬಾಗಿಲ ಆಸುಪಾಸು, ಹಿಂದಿನದು ಹಿಂದಿನ ಚಕ್ರದ ಬಳಿ ತೊಟ್ಟಿಕ್ಕುತ್ತದೆ. ಬರದಿದ್ದರೆ ಪೈಪು ಕಟ್ಟಿದೆ. ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಚಾವಣಿಯೊಳಗೆ ಪೈಪಿನ ಜೋಡಣೆ ಕಳಚಿದರೆ ಲೈನಿಂಗ್ ಪೂರ್ತಿ ಬಿಚ್ಚಬೇಕಾಗುತ್ತದೆ. ಬೈಕಿನ ಹಳೆಯ ಬ್ರೇಕ್ ಕೇಬಲ್ಲಿನ ತಂತಿಯಾದರೆ ಪೈಪನ್ನು ಚುಚ್ಚುತ್ತದೆ. ತುದಿ ಮೊಂಡಾದ ನೈಲಾನ್ ದಾರ ಒಳ್ಳೆಯದು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ದಾರ ಕೃಷಿ ಸಾಮಗ್ರಿ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಮೇಲಿನಿಂದ ಮೆಲ್ಲಗೆ ಬಿಟ್ಟು, ಹಿಂದೆ ಮುಂದೆ ಆಡಿಸಿ, ಮತ್ತೆ ನೀರು ಹಾಕಿ ನೋಡಬೇಕು. ಕಟ್ಟಿದ ಪೈಪನ್ನು ಹಾಗೇ ಬಿಟ್ಟರೆ ನೀರು ಕಂಬದೊಳಗಿಂದ ಮುಂದಿನ ಕಾರ್ಪೆಟ್ಟಿನ ಕೆಳಗೆ ಸೇರುತ್ತದೆ. ಹಲವು ಕಾರುಗಳ ವೈರಿಂಗ್ ಜೋಡಣೆಗಳು ಇರುವುದೂ ಅಲ್ಲೇ. ಅವಕ್ಕೆ ತುಕ್ಕು ಹಿಡಿದ ಮೇಲೆ ನಿಲ್ಲುವುದು ಚಾವಣಿ ಒಂದೇ ಅಲ್ಲ.